ಪದಚರ್ಚೆ: ಕಡಲನೀರಿನ ತೊಟ್ಟಿ, ಏರಿದ ನೈಟ್ರೇಟ್ ಮತ್ತು ‘ಬಸಿ’ ಎಂಬ ಧಾತು

ಮಾನ್ಯರೇ,

ಗಂಗಾವತಿಯಲ್ಲಿ ಗಾಜಿನ ತೊಟ್ಟಿಯಲ್ಲಿ ಕಡಲಮೀನು ಸಾಕುವವರು ನಾವು ನಾಲ್ಕೈದು ಮಂದಿ ಇದ್ದೇವೆ. ತೊಟ್ಟಿಯಲ್ಲಿ ನೈಟ್ರೇಟ್ (ಮೀನಿನ ಹೊಲಸಿನಿಂದ ಹುಟ್ಟಿ ನೀರಿನಲ್ಲಿ ಕರಗಿರುವ ಸಾರಜನಕದ ಲವಣ) ಏರಿದಾಗ ಅದನ್ನು ತಗ್ಗಿಸುವ ಬಗೆಯನ್ನು ಹೊಸಬರಿಗಾಗಿ ಎರಡು ಪುಟಗಳ ಕನ್ನಡ ಟಿಪ್ಪಣಿಯಾಗಿ ನಾನು ಬರೆದುಕೊಟ್ಟೆ. ಓದಿದವರು ಮಾಡಿದ ಕೆಲಸವನ್ನು ನೋಡಿದ ಮೇಲೆ, ನಾನು ಬಳಸಿದ ನಾಲ್ಕು ಸಾಮಾನ್ಯ ಪದಗಳು ಈ ಸೀಮೆಯಲ್ಲಿ ನಾನೆಣಿಸಿದ ಅರ್ಥವನ್ನು ಕೊಡುವುದಿಲ್ಲವೆಂದು ತಿಳಿಯಿತು. ಬಲ್ಲವರ ಸಲಹೆ ಬೇಕಾಗಿದೆ.

ಮೊದಲನೆಯದು ತಲೆಬರಹದಲ್ಲಿಯೇ ಇದ್ದ ‘ಉಪ್ಪುನೀರು’. ಕೊಪ್ಪಳ, ರಾಯಚೂರು, ಬಳ್ಳಾರಿಗಳಲ್ಲಿ ಉಪ್ಪುನೀರು ಎಂದರೆ ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು ಬಳಸುವ ಕೊಳವೆಬಾವಿಯ ಗಡಸು ನೀರು. ಸವಳು ನೀರು ಎಂದರೂ ಅದೇ. ಹಾಗಾಗಿ ಒಬ್ಬರು ‘ನಮ್ಮ ಬೋರಿನಾಗ ಉಪ್ಪುನೀರ ಬರತೈತಿ, ಉಪ್ಪು ಯಾಕ ಕೊಳ್ಳಬೇಕ್ರೀ’ ಎಂದು ಕೇಳಿದರು. ಒಂದು ಕಿಲೋ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ನಮ್ಮ ಬೋರಿನ ನೀರಿನಲ್ಲಿ ಅದರ ಹತ್ತರಲ್ಲೊಂದು ಭಾಗ ಸಿಕ್ಕುವುದೂ ಅಪರೂಪ. ಇನ್ನೂ ದೊಡ್ಡ ತೊಡಕೆಂದರೆ, ಗದ್ದೆಗೆ ಸುರಿದ ಸರಕಾರಿ ಗೊಬ್ಬರದ (ರಾಸಾಯನಿಕ ಗೊಬ್ಬರದ) ಸಾರಜನಕ ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿದಿರುವ ಕಡೆ, ತೊಟ್ಟಿಯಿಂದ ಹೊರಹಾಕಬೇಕೆಂದಿರುವ ವಸ್ತುವನ್ನೇ ನಾವು ಬೋರಿನಿಂದ ತಂದು ಸುರಿದಂತಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಹವಳ ಸಾಕುವವರಾದರೋ ತೊಟ್ಟಿಯಲ್ಲಿ 10 ದಾಟದಂತೆ ನೋಡಿಕೊಳ್ಳುತ್ತಾರೆ. ಅಂದರೆ ಮನುಷ್ಯರಿಗೆ ಸರಿಯೆನಿಸಿದ ನೀರು ಹವಳಕ್ಕೆ ಸರಿಯಾಗಬೇಕೆಂದಿಲ್ಲ. ಈಗ ನಾನು ‘ಕಡಲನೀರಿನ ತೊಟ್ಟಿ’ ಎಂದು ತಿದ್ದಿಕೊಂಡಿದ್ದೇನೆ. ಇದರ ಬಗ್ಗೆ ನನಗೆ ಹೆಚ್ಚಿನ ಅನುಮಾನವಿಲ್ಲ.

‘ನೈಟ್ರೇಟ್ ಇಳಿಸುವುದು’ ಎಂಬುದು ಎರಡನೆಯದು. ಹೊಳೆಯ ರಾಡಿನೀರಿಗೆ ಪಟಿಕ ತಿರುವಿ ಮಣ್ಣನ್ನು ಕೆಳಗಿಳಿಸಿ ರೂಢಿಯಿರುವ ಊರಿನಲ್ಲಿ ‘ಇಳಿಸು’ ಎಂದರೆ ತಳಕ್ಕೆ ಕೂರಿಸು ಎಂದು ಅರ್ಥವಾಗುವುದು ಸಹಜ. ನೈಟ್ರೇಟ್ ನೀರಿನಲ್ಲಿ ಪೂರಾ ಕರಗಿರುವುದರಿಂದ ಪಟಿಕಕ್ಕೆ ಕೂರುವುದಿಲ್ಲ, ಅರಿವೆಯಲ್ಲಿ ಸೋಸಿದರೆ ಉಳಿಯುವುದಿಲ್ಲ, ಕುದಿಸಿದರೆ ನೀರು ಹೋಗಿ ಅದರ ಸಾಂದ್ರತೆ ಇನ್ನೂ ಏರುತ್ತದೆ. ‘ತಗ್ಗಿಸು’ ಎಂದು ಬದಲಿಸಿದ್ದೇನೆ.

ನಿಜವಾದ ತೊಂದರೆಯಿರುವುದು ಮೂರನೆಯದಾದ ‘ನೀರು ಬದಲಿಸುವುದು’ ಎಂಬುದರಲ್ಲಿ. ನನ್ನ ಗೆಳೆಯರೊಬ್ಬರು ‘ದಿನಾ ನೀರು ಹಾಕಾಕತ್ತೀನ್ರೀ, ಆದ್ರೂ ನೈಟ್ರೇಟ್ ಕಮ್ಮಿ ಆಗವಲ್ದು’ ಎಂದು ಬೇಸರಪಟ್ಟುಕೊಂಡರು. ಅವರು ಹೇಳಿದ್ದು ಸುಳ್ಳಲ್ಲ. ಏಪ್ರಿಲ್ ತಿಂಗಳಿನ ನಮ್ಮ ಬಿಸಿಲಿಗೆ ತೊಟ್ಟಿಯ ನೀರು ದಿನದಿನವೂ ಕಣ್ಣಿಗೆ ಕಾಣುವಷ್ಟು ಇಂಗುತ್ತದೆ, ಅವರು ಅಷ್ಟನ್ನೂ ತಪ್ಪದೆ ತುಂಬುತ್ತಿದ್ದರು. ಆದರೆ ಆವಿಯಾಗಿ ಹೋಗುವುದು ನೀರು ಮಾತ್ರ; ಉಪ್ಪೂ ನೈಟ್ರೇಟೂ ಅಲ್ಲಿಯೇ ಉಳಿಯುತ್ತವೆ. ಮೀನು ತಿಂದು ಬಿಟ್ಟದ್ದು, ತಿನ್ನದೆ ಉಳಿದ ಕಾಳು, ಇವುಗಳಿಂದ ಹುಟ್ಟುವ ಅಮೋನಿಯಾ ಬ್ಯಾಕ್ಟೀರಿಯಾಗಳ ಕೈಸೇರಿ ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ದಿನವೂ ಕೂಡಿಕೊಳ್ಳುತ್ತಲೇ ಹೋಗುತ್ತದೆ. ಹೊರಗೆ ಹೋಗುವ ದಾರಿಯಿಲ್ಲದ ಮೇಲೆ ಎಷ್ಟು ಕೊಡ ಹಾಕಿದರೇನು?

ಕನ್ನಡದ ‘ನೀರು ಹಾಕು’ ಎಂಬ ಒಂದೇ ಮಾತಿನಲ್ಲಿ ಎರಡು ಕೆಲಸಗಳು ಅಡಗಿವೆ. ಇಂಗಿದಷ್ಟನ್ನು ತುಂಬುವುದು ಒಂದು. ಇದಕ್ಕೆ ಉಪ್ಪಿಲ್ಲದ ಶುದ್ಧ ನೀರೇ ಆಗಬೇಕು. ಹಳೆಯ ನೀರಿನ ಒಂದು ಭಾಗವನ್ನು ಹೊರತೆಗೆದು ಅಷ್ಟೇ ಹೊಸದನ್ನು ತುಂಬುವುದು ಇನ್ನೊಂದು. ಇದಕ್ಕೆ ಸಮುದ್ರದ ಉಪ್ಪನ್ನು ಸರಿಯಾದ ಅಳತೆಯಲ್ಲಿ ಕಲಸಿದ ನೀರು ಬೇಕು. ಎರಡನ್ನೂ ಅದಲುಬದಲು ಮಾಡಿದರೆ ಉಪ್ಪಿನ ಪ್ರಮಾಣವೇ ಏರುಪೇರಾಗಿ ಮೀನು ಸಾಯಬಹುದು. ಈ ಎರಡರಲ್ಲಿ ನೈಟ್ರೇಟ್ ತಗ್ಗುವುದು ಎರಡನೆಯದರಿಂದ ಮಾತ್ರ: 80 ಮಿಲಿಗ್ರಾಂ ಇರುವಲ್ಲಿ ಕಾಲುಭಾಗ ನೀರನ್ನು ನೈಟ್ರೇಟ್ ಇಲ್ಲದ ನೀರಿನಿಂದ ಬದಲಿಸಿದರೆ 60, ಮತ್ತೊಮ್ಮೆ 45, ಮುಂದೆ 34, ಆಮೇಲೆ 25, ಹೀಗೆ ಮೆಟ್ಟಿಲುಮೆಟ್ಟಿಲಾಗಿ ಬರುತ್ತದೆ (ನಡುವೆ ಮೀನುಗಳು ಕೂಡಿಸುವ ಲೆಕ್ಕ ಬೇರೆ). ತುಂಬುವ ನೀರಿನಲ್ಲಿಯೇ 45 ಇದ್ದರೆ ಮೊದಲ ಸಲಕ್ಕೆ 71ರ ಹತ್ತಿರ ನಿಲ್ಲುತ್ತದೆ, ಎಷ್ಟು ಸಲ ಬದಲಿಸಿದರೂ 45ರ ಕೆಳಗೆ ಬರುವುದಿಲ್ಲ.

‘ನೀರು ಬದಲಿಸಿ’ ಎಂದು ಬರೆದರಾಯಿತಲ್ಲ ಎಂದು ತಾವು ಕೇಳಬಹುದು. ನಾನು ಬರೆದದ್ದೂ ಅದನ್ನೇ. ಒಬ್ಬರು ತೊಟ್ಟಿಯನ್ನು ಬರಿದು ಮಾಡಿ, ಮರಳನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆದು, ಬೇಕಾದ ಬ್ಯಾಕ್ಟೀರಿಯಾಗಳನ್ನೂ ಕಳೆದುಕೊಂಡರು. ‘ಬದಲಿಸು’ ಎಂಬುದರಲ್ಲಿ ಪೂರ್ತಿ ಎಂಬ ಭಾವ ಇದೆಯೇನೋ. ಊರು ಬಿಟ್ಟು ಹೋದವರಿಗೆ ನೀರು ಬದಲಾಗಿ ನೆಗಡಿ ಬಂತು ಎನ್ನುವಾಗಲೂ ನಾವು ಹಳೆಯದು ಪೂರಾ ಹೋಗಿ ಬೇರೆಯದು ಬಂದದ್ದನ್ನೇ ಹೇಳುತ್ತೇವೆ.

ಉತ್ತರವನ್ನು ನಾನು ಗದ್ದೆಯಲ್ಲಿ ಹುಡುಕಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಸವಳು ಹತ್ತಿದ ಭೂಮಿಯನ್ನು ಸುಧಾರಿಸುವವರು ಮಡಿಯಲ್ಲಿ ಸಿಹಿನೀರು ನಿಲ್ಲಿಸಿ, ಲವಣ ಕರಗಿದ ನೀರನ್ನು ಬಸಿಗಾಲುವೆಯಿಂದ ಹೊರಗೆ ಹರಿಸುತ್ತಾರೆ. ಬಸಿಗಾಲುವೆಯಿಲ್ಲದೆ ನೀರು ಹಾಯಿಸುತ್ತಲೇ ಇದ್ದರೆ ಒಳಗಿನ ಉಪ್ಪು ಮೇಲೇರಿ ನೆಲ ಬೆಳ್ಳಗಾಗುತ್ತದೆಂಬುದನ್ನು ಇಲ್ಲಿಯ ಯಾವ ರೈತರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗೆಳೆಯರ ತೊಟ್ಟಿಯಲ್ಲಿ ಆದದ್ದು ಇದೇ. ಆದ್ದರಿಂದ ಒಂದನ್ನು ‘ಬಸಿದು ತುಂಬುವುದು’ ಎಂದೂ, ಇನ್ನೊಂದನ್ನು ‘ಇಂಗಿದ್ದು ತುಂಬುವುದು’ ಎಂದೂ ಕರೆಯೋಣವೆನಿಸುತ್ತದೆ. ‘ವಾರಕ್ಕೆ ಕಾಲುಭಾಗ ಬಸಿದು ತುಂಬಿ’ ಎಂದು ಓದಿ ಹೇಳಿದಾಗ ಆ ಗೆಳೆಯರು ತಕ್ಷಣ ಹಿಡಿದರು. ನಮ್ಮವ್ವ ಮಾತ್ರ ‘ಮೀನೇನು ಅನ್ನವೇನೋ, ಬಸಿಯಾಕ’ ಎಂದು ನಕ್ಕಳು. ಆಕೆಯ ಆಕ್ಷೇಪದಲ್ಲಿ ತಿರುಳಿದೆ: ಅನ್ನ ಬಸಿಯುವಾಗ ಗಂಜಿಯೆಲ್ಲ ಹೋಗಿ ಅಗುಳು ಉಳಿಯುತ್ತದೆ, ಗದ್ದೆ ಬಸಿಯುವಾಗ ಹೆಚ್ಚಾದದ್ದಷ್ಟೇ ಹೋಗುತ್ತದೆ. ಮೊದಲನೆಯ ಅರ್ಥವೇ ಗಟ್ಟಿಯಾಗಿರುವ ಕಡೆ ನನ್ನ ಪದವೂ ‘ಬದಲಿಸು’ ಎಂಬುದರ ಗತಿಯನ್ನೇ ಕಾಣಬಹುದು.

ಸವಳಿನ ಜೋಡಿಪದವಾದ ‘ಜವಳು’ ಕೂಡ ಈ ತೊಟ್ಟಿಗೆ ಒದಗುತ್ತದೆಂದು ಆಮೇಲೆ ಹೊಳೆಯಿತು. ನೀರು ನಿಂತು ಗಾಳಿಯಾಡದ ಜವಳು ಮಣ್ಣಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕಕ್ಕೆ ಬದಲಾಗಿ ನೈಟ್ರೇಟನ್ನು ಬಳಸಿಕೊಂಡು ಅದನ್ನು ಸಾರಜನಕದ ಅನಿಲವಾಗಿ ಬಿಡುತ್ತವೆ. ನೀರು ನಿಂತ ಭತ್ತದ ಗದ್ದೆಗೆ ನೈಟ್ರೇಟ್ ರೂಪದ ಗೊಬ್ಬರ ಹೊಂದದಿರಲು ಇದೂ ಕಾರಣ. ಕಡಲನೀರಿನ ತೊಟ್ಟಿಯಲ್ಲಿ ನಾಲ್ಕರಿಂದ ಆರು ಅಂಗುಲ ದಪ್ಪಕ್ಕೆ ಸಣ್ಣ ಮರಳನ್ನು ಹರಡಿದರೆ ಅದರ ತಳದಲ್ಲಿ ಇದೇ ಕ್ರಿಯೆ ನಡೆಯುತ್ತದೆ. ರೈತನಿಗೆ ನಷ್ಟವಾದದ್ದು ಮೀನು ಸಾಕುವವನಿಗೆ ಲಾಭ. ಈ ಕ್ರಿಯೆಗೆ ‘ವಿನೈಟ್ರೀಕರಣ’ ಎಂದು ಬರೆದರೆ ನಾನೇ ಎರಡು ಸಲ ಓದಬೇಕಾಗುತ್ತದೆ. ಆ ತಳವನ್ನು ‘ಜವಳು ಮರಳು’ ಎಂದರೆ, ಅದನ್ನು ಕೆದಕಬಾರದು, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಎದ್ದೀತು ಎಂಬ ಎಚ್ಚರವೂ ಪದದೊಳಗೇ ಬರುತ್ತದಲ್ಲವೇ?

ನಾಲ್ಕನೆಯದು ‘ಪಾಚಿ’. ಗಾಜಿಗೆ ಹತ್ತಿದ ಪಾಚಿಯನ್ನು ಕೆರೆದು ತೆಗೆಯಿರಿ ಎಂದೂ, ನೈಟ್ರೇಟ್ ಹೀರಲು ಪಕ್ಕದ ಸಣ್ಣ ತೊಟ್ಟಿಯಲ್ಲಿ ಪಾಚಿ ಬೆಳೆಸಿರಿ ಎಂದೂ ಒಂದೇ ಪುಟದಲ್ಲಿ ಬರೆದಿದ್ದೆ. ಬೆಳೆಸುವುದು ಕೀಟೊಮಾರ್ಫಾದಂತಹ ದಾರದೆಳೆಯ ದೊಡ್ಡ ಜಾತಿಗಳನ್ನು. ‘ಕಡಲಕಳೆ’ ಎಂಬ ಮಾತಿದೆ; ಆದರೆ ಕಳೆ ಎಂದೊಡನೆ ಇಲ್ಲಿಯವರ ಕೈ ಕೀಳಲು ಹೋಗುತ್ತದೆ. ‘ಕಡಲಸೊಪ್ಪು’ ಮೇಲೆನಿಸುತ್ತದೆ, ಏಕೆಂದರೆ ಸೊಪ್ಪನ್ನು ಬೆಳೆಸುತ್ತೇವೆ, ಆಗಾಗ ಕೊಯ್ಯುತ್ತೇವೆ. ಕೊಯ್ದು ಹೊರಹಾಕಿದಾಗಲೇ ಅದು ಹೀರಿದ ನೈಟ್ರೇಟ್ ತೊಟ್ಟಿಯಿಂದ ನಿಜವಾಗಿ ಹೊರಗೆ ಹೋಗುವುದು.

ನನ್ನ ಪ್ರಶ್ನೆಗಳು ಇಷ್ಟು. ಹಳೆ ಮೈಸೂರಿನ ಕಡೆ ‘ಕಾಲುಭಾಗ ಬಸಿಯಿರಿ’ ಎಂದರೆ ಅಳತೆಯಾಗಿ ಹೊರಬಿಡುವುದೆಂದು ತಿಳಿಯುತ್ತದೆಯೇ, ಇಲ್ಲವೇ ಅನ್ನದ ಅರ್ಥವೇ ಮುಂದೆ ಬರುತ್ತದೆಯೇ? ಅಲ್ಲಿ ‘ಚೌಳು’ ಎನ್ನುವವರು ‘ಜವಳು’ ಎಂಬುದನ್ನು ಬಳಸುತ್ತಾರೆಯೇ? ಸೀಗಡಿ ಹೊಂಡಗಳಿರುವ ಕರಾವಳಿಯಲ್ಲಿ ಹಳೆಯ ನೀರಿನ ಒಂದಷ್ಟನ್ನು ಹೊರಬಿಟ್ಟು ಹೊಸದನ್ನು ಒಳಬಿಡುವ ಕೆಲಸಕ್ಕೆ ಕೂಲಿಯವರ ಬಾಯಲ್ಲಿ ಒಂದು ಸಿದ್ಧಪದ ಇದ್ದೇ ಇರಬೇಕು. ಅದನ್ನು ಕಿವಿಯಾರೆ ಕೇಳಿದವರು ತಿಳಿಸಿದರೆ, ನನ್ನದನ್ನು ಕೈಬಿಟ್ಟು ಅದನ್ನೇ ಟಿಪ್ಪಣಿಯಲ್ಲಿ ಬರೆಯುತ್ತೇನೆ.