ಸೆನ್ಸ್ ಫೋರ್ಟ್ರೆಸ್ ಹತ್ತಿ ದಾಟಿದವರ ಅನುಭವಗಳು

ಪ್ರಶ್ನೆ: ಡಾರ್ಕ್ ಸೋಲ್ಸ್ ವಿಡಿಯೋ ಆಟದಲ್ಲಿ ಎರಡೂ ಗಂಟೆಗಳನ್ನು ಬಾರಿಸಿ ಸೆನ್ಸ್ ಫೋರ್ಟ್ರೆಸ್ ಕೋಟೆಯ ಬಾಗಿಲು ತೆರೆಸಿದ್ದೇನೆ. ನಾಲ್ಕು ದಿನಗಳಿಂದ ಆಡುತ್ತಿದ್ದರೂ ತೂಗುವ ಕೊಡಲಿಗಳ ಸೇತುವೆಯಿಂದ ಮತ್ತೆ ಮತ್ತೆ ಕೆಳಗೆ ಬೀಳುತ್ತಿದ್ದೇನೆ. ಒಮ್ಮೆ ಮೇಲಿನವರೆಗೂ ಹೋಗಿದ್ದೆ, ಆದರೆ ಬಾನ್‌ಫೈರ್ (ವಿಶ್ರಮಿಸುವ, ಸತ್ತರೆ ಮತ್ತೆ ಆಟ ಶುರುವಾಗುವ ಬೆಂಕಿಯ ತಾಣ) ಎಲ್ಲಿಯೂ ಕಾಣಲಿಲ್ಲ. ದಾಟಿದವರು ತಮ್ಮ ಅನುಭವವನ್ನು ದಯವಿಟ್ಟು ತಿಳಿಸಬೇಕು.

ಒಬ್ಬರ ಉತ್ತರ: ನಾನು 2018ರ ರೀಮಾಸ್ಟರ್ಡ್ ಆವೃತ್ತಿಯಲ್ಲಿ ಈ ಕೋಟೆಯನ್ನು ಮೊದಲ ಸಲ ಹೊಕ್ಕಾಗ ಹಾವಿನ ತಲೆಯ ಕಾವಲುಗಾರರ ಮೇಲೆಯೇ ಕಣ್ಣಿಟ್ಟು ನಡೆದೆ. ಕಾಲಡಿಯ ಕಲ್ಲುಚಪ್ಪಡಿ ತುಸು ಕುಸಿಯಿತು, ಎದುರು ಗೋಡೆಯಿಂದ ಬಾಣಗಳು ಬಂದು ಎದೆಗೆ ನಾಟಿದವು. ಅಂದಿನಿಂದ ಪ್ರತಿ ಕೋಣೆಯ ಹೊಸ್ತಿಲಲ್ಲಿ ನಿಂತು ಮೊದಲು ನೆಲವನ್ನು, ಆಮೇಲೆ ಗೋಡೆಯನ್ನು, ಕೊನೆಗೆ ಶತ್ರುವನ್ನು ನೋಡುವುದನ್ನು ರೂಢಿಸಿಕೊಂಡೆ. ಆ ಚಪ್ಪಡಿಯನ್ನು ನೀವೂ ಬಳಸಿಕೊಳ್ಳಬಹುದು: ಹಾವಿನ ಸೈನಿಕನನ್ನು ಬಾಣದ ದಾರಿಗೆ ಸೆಳೆದು ತಂದು ಅದನ್ನು ತುಳಿದರೆ ಪೆಟ್ಟು ಅವನಿಗೆ ಬೀಳುತ್ತದೆ.

ಇನ್ನು ಸೇತುವೆಯ ವಿಷಯ. ನೀವು ಬೀಳುತ್ತಿರುವುದಕ್ಕೆ ಬಹುಶಃ ಎರಡು ಕಾರಣಗಳಿವೆ. ಶತ್ರುವಿನ ಮೇಲೆ ಲಾಕ್ ಹಾಕಿಕೊಂಡೇ (ನೋಟವನ್ನು ಅವನ ಮೇಲೆಯೇ ನಿಲ್ಲಿಸಿಕೊಂಡು) ಹೆಜ್ಜೆಯಿಟ್ಟರೆ ಪಾತ್ರವು ಅವನ ಕಡೆ ಮುಖಮಾಡಿ ಅಡ್ಡಡ್ಡ ಸರಿಯುತ್ತದೆ. ಅಷ್ಟು ಕಿರಿದಾದ ದಾರಿಯಲ್ಲಿ ಅಡ್ಡ ಸರಿದರೆ ಬೀಳುವುದು ಖಂಡಿತ. ಎರಡನೆಯದು, ಕೊಡಲಿ ದೂರ ಹೋದಾಗ ಓಡೋಣ ಎಂದು ಕಾಯುವುದು. ದೂರ ಹೋದದ್ದು ಅಷ್ಟರಲ್ಲೇ ತಿರುಗಿ ಬರುತ್ತಿರುತ್ತದೆ. ಅದು ನಿಮ್ಮ ಮೂಗಿನ ಮುಂದೆ ಹಾದುಹೋದ ಆ ಕ್ಷಣದಲ್ಲಿಯೇ ಅದರ ಬೆನ್ನಿಗೆ ಹೆಜ್ಜೆಯಿಡಿ. ಒಂದು ಕೊಡಲಿಗೂ ಮತ್ತೊಂದಕ್ಕೂ ನಡುವೆ ನಿಲ್ಲುವಷ್ಟು ಜಾಗವಿರುತ್ತದೆ. ಅಲ್ಲಿ ನಿಂತು ಮುಂದಿನದರ ಲಯವನ್ನು ಮತ್ತೆ ಎಣಿಸಿ. ಗುರಾಣಿಯನ್ನು ನಂಬಬೇಡಿ, ಏಕೆಂದರೆ ಕೊಡಲಿ ಅದರೊಂದಿಗೆ ನಿಮ್ಮನ್ನೂ ಕೆಳಗೆ ತಳ್ಳುತ್ತದೆ. ದೂರದಿಂದ ಮಿಂಚು ಎಸೆಯುವ ಹಾವು ಮಾಂತ್ರಿಕನನ್ನು, ಸೇತುವೆಗೆ ಕಾಲಿಡುವ ಮೊದಲೇ, ಬಿಲ್ಲಿನಿಂದ ಕೊಂದುಬಿಡುವುದು ಒಳ್ಳೆಯದು. ಎಷ್ಟು ಬಾಣ ಖರ್ಚಾದರೂ ಚಿಂತೆಯಿಲ್ಲ.

ಬಿದ್ದರೂ ಧೈರ್ಯಗೆಡಬೇಡಿ. ಕೆಳಗಿನ ಟಾರಿನ ಹೊಂಡದಲ್ಲಿ ಟೈಟನೈಟ್ ಡೀಮನ್ ಎಂಬ ಬಲಿಷ್ಠ ರಾಕ್ಷಸರಿದ್ದಾರೆ, ಟಾರಿನಲ್ಲಿ ಕಾಲು ಹೂತು ಓಟ ನಿಧಾನವಾಗುತ್ತದೆ. ಕಾದಾಡಲು ಹೋಗದೆ ಗೋಡೆಯ ಅಂಚಿನಲ್ಲಿ ಏಣಿಯನ್ನು ಹುಡುಕಿ ಮೇಲೆ ಬನ್ನಿ.

ಇನ್ನೊಬ್ಬರು: ಮೇಲಿನವರು ಹೇಳಿದ್ದಕ್ಕೆ ತಯಾರಿಯ ಮಾತೊಂದನ್ನು ಸೇರಿಸುತ್ತೇನೆ. ಕೋಟೆಗೆ ಹೊರಡುವ ಮೊದಲು, ಕಮ್ಮಾರ ಆಂಡ್ರೆಯ ಸಮೀಪದ ಬಾನ್‌ಫೈರಿನಲ್ಲಿ ಹ್ಯುಮಾನಿಟಿ ಎಂಬ ವಸ್ತುವನ್ನು ಕೊಟ್ಟು ಶವರೂಪದಿಂದ ಮನುಷ್ಯರೂಪಕ್ಕೆ ಮರಳಿ, ಇನ್ನೊಂದು ಹ್ಯುಮಾನಿಟಿ ಕೊಟ್ಟು ಆ ಬಾನ್‌ಫೈರನ್ನು ಕಿಂಡಲ್ ಮಾಡಿ, ಅಂದರೆ ಅದರ ಉರಿ ಹೆಚ್ಚಿಸಿ. ಪ್ರಾಣ ತುಂಬುವ ಎಸ್ಟಸ್ ಫ್ಲಾಸ್ಕ್ 5ರ ಬದಲು 10 ಸಿಗುತ್ತವೆ. ಹೊತ್ತ ಭಾರ ಮಿತಿಯ 50 ಶೇಕಡಾ ಮೀರಿದರೆ ಉರುಳುವುದು ತೀರಾ ಮಂದವಾಗುತ್ತದೆ, ಆದ್ದರಿಂದ ಭಾರವಾದ ಕವಚವನ್ನು ಇಳಿಸಿ. ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಇದೇ.

ಇಳಿಜಾರಿನಲ್ಲಿ ಉರುಳಿಬರುವ ಗುಂಡುಕಲ್ಲುಗಳ ಲಯವೂ ಕೊಡಲಿಗಳಂತೆಯೇ: ಒಂದು ಹಾದುಹೋದ ಕೂಡಲೇ ಹೊರಟು ಪಕ್ಕದ ಸಂದಿಯನ್ನು ಸೇರಿಕೊಳ್ಳಿ. ಮೇಲೆ ತಲುಪಿದ ಮೇಲೆ ಆ ಕಲ್ಲುಗಳನ್ನು ಬಿಡುವ ಯಂತ್ರವನ್ನೇ ಬೇರೆ ದಿಕ್ಕಿಗೆ ತಿರುಗಿಸಬಹುದು. ಲಿಫ್ಟ್ ಹತ್ತಿದಾಗ ಮಾತ್ರ ಎಚ್ಚರಿಕೆ ಇರಲಿ. ಅದು ಮಹಡಿಯಲ್ಲಿ ನಿಲ್ಲದೆ ಮೇಲಿನ ಮುಳ್ಳುಗಳವರೆಗೆ ಏರುತ್ತದೆ, ಆದ್ದರಿಂದ ನಡುವಿನ ಮಹಡಿಯಲ್ಲಿ ಹೊರಗೆ ಹೆಜ್ಜೆ ಹಾಕಲೇಬೇಕು. ಲಿಫ್ಟಿನ ನೆಲದಲ್ಲಿ ಹರಡಿದ ರಕ್ತದ ಕಲೆಯನ್ನು ನೋಡಿದ್ದೆ. ಅದರ ಅರ್ಥ ನನಗೆ ತಡವಾಗಿ ಹೊಳೆಯಿತು.

ನೀವು ಹುಡುಕುತ್ತಿರುವ ಬಾನ್‌ಫೈರ್ ತಾರಸಿಯಲ್ಲಿದೆ. ದೈತ್ಯನೊಬ್ಬ ಬೆಂಕಿಯ ಗುಂಡುಗಳನ್ನು ಎಸೆಯತೊಡಗಿದ ಕೂಡಲೇ ಎಲ್ಲರೂ ನೇರ ಮುಂದಕ್ಕೆ ಓಡುತ್ತಾರೆ, ಅದಕ್ಕೇ ಅದು ತಪ್ಪಿಹೋಗುತ್ತದೆ. ಅಂಚಿನ ಗೋಡೆ ಒಡೆದಿರುವ ಕಡೆ ಬಗ್ಗಿ ನೋಡಿದರೆ ಸ್ವಲ್ಪ ಕೆಳಗೆ ಚಾವಣಿಯೊಂದು ಕಾಣುತ್ತದೆ. ಅಲ್ಲಿಗೆ ಹಾರಿ. ಮುಂದೆ ಪಂಜರದ ಕೀಲಿಕೈ ದೊರೆತರೆ, ತೂಗುಪಂಜರದ ಲಿಫ್ಟಿನಿಂದ ಕೋಟೆಯ ಮುಂಭಾಗಕ್ಕೆ ನೇರವಾಗಿ ಇಳಿದು ಹತ್ತಲು ಆಗುತ್ತದೆ.

ಮತ್ತೊಬ್ಬರು: ಪೆಟ್ಟಿಗೆಗಳ ಬಗ್ಗೆ ಯಾರೂ ಹೇಳಲಿಲ್ಲ. ಪಕ್ಕದ ಸರಪಳಿಯನ್ನು ನೋಡಿ. ಅದು ನೇರವಾಗಿ ಮುಂದಕ್ಕೆ ಚಾಚಿದ್ದರೆ ಅದು ಮಿಮಿಕ್ (ಪೆಟ್ಟಿಗೆಯ ವೇಷದ ರಾಕ್ಷಸ), ಸುರುಳಿಸುತ್ತಿ ಹಿಂದಕ್ಕಿದ್ದರೆ ನಿಜವಾದ ಪೆಟ್ಟಿಗೆ. ಅನುಮಾನ ಬಂದರೆ ಮೊದಲು ಒಂದು ಪೆಟ್ಟು ಕೊಟ್ಟು ನೋಡಿ. ಇಲ್ಲಿನ ಒಂದು ಮಿಮಿಕ್‌ನಿಂದ ನನಗೆ ಸಿಕ್ಕ ಲೈಟ್ನಿಂಗ್ ಸ್ಪಿಯರ್ ಎಂಬ ಮಿಂಚಿನ ಈಟಿ ಆಟದ ಬಹಳ ದೂರದವರೆಗೆ ಕೈಹಿಡಿಯಿತು, ಆದ್ದರಿಂದ ಹೆದರಿ ಬಿಟ್ಟುಬರಬೇಡಿ.

ಮೊದಲು ಉತ್ತರಿಸಿದವರು: ಕೋಟೆಯ ಕೊನೆಯ ದೊಡ್ಡ ಶತ್ರುವಾದ ಶಿಖರದ ಐರನ್ ಗೋಲೆಮ್ ಬಗ್ಗೆಯೂ ಹೇಳಿಬಿಡುತ್ತೇನೆ. ಬೆಂಕಿ ಎಸೆಯುವ ದೈತ್ಯ ಬದುಕಿದ್ದರೆ ಆ ಕಾದಾಟದ ನಡುವೆಯೂ ಗುಂಡುಗಳು ಬಂದು ಬೀಳುತ್ತವೆ. ಮೊದಲು ಅವನನ್ನು ಮುಗಿಸಿ. ತಾರಸಿಯ ಬಾನ್‌ಫೈರಿನಲ್ಲಿ ಮನುಷ್ಯರೂಪ ಪಡೆದು ಹೋದರೆ ನೆರವಿಗೆ ಬರುವ ಯೋಧ ಬ್ಲ್ಯಾಕ್ ಐರನ್ ಟಾರ್ಕಸ್‌ನನ್ನು ಕರೆಯುವ ಚಿಹ್ನೆ ಕಾಣುತ್ತದೆ, ಅವನನ್ನು ಕರೆದುಕೊಳ್ಳಲು ಸಂಕೋಚ ಬೇಡ. ಒಬ್ಬರೇ ಹೋಗುವುದಾದರೆ ಬೆನ್ನ ಹಿಂದೆ ಬಯಲಂಚು ಇರದಂತೆ ನೋಡಿಕೊಂಡು ಕಾಲುಗಳಿಗೇ ಹೊಡೆಯುತ್ತಿರಿ. ಅಂಚಿನ ಬಳಿ ಅದು ತತ್ತರಿಸಿದಾಗ ಹೊಡೆತವನ್ನು ನಿಲ್ಲಿಸಬೇಡಿ. ನನ್ನ ಎದುರು ಗೋಲೆಮ್ ಹಾಗೆಯೇ ಹಿಂದಕ್ಕೆ ವಾಲಿ, ಅರ್ಧದಷ್ಟು ಪ್ರಾಣ ಉಳಿದಿದ್ದಾಗಲೇ ಶಿಖರದಿಂದ ಉರುಳಿಬಿದ್ದಿತು.