ಪದಚರ್ಚೆ: ರಸ್ತೆಯ ಮಂಜನ್ನು ಹೇಳೋದು ಹೇಗೆ?

ಗೆಳೆಯರೇ, ನಮಸ್ಕಾರ.

ದಾವಣಗೆರೆಯಲ್ಲಿ ಲಾರಿ, ಟೆಂಪೊ ಓಡಿಸುವ ಸ್ನೇಹಿತರದೊಂದು ವಾಟ್ಸಾಪ್ ಗುಂಪಿದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಹೊರಡುವವರಿಗೆ ಹೆದ್ದಾರಿ 48 ಹೇಗಿದೆ ಅಂತ ತಿಳಿಸುವ ಸಂದೇಶಗಳಿಗೆ ಒಂದು ಒಪ್ಪ ಕೊಡೋಣ ಅಂತ ಹೊರಟಿದ್ದೇವೆ. ಅದಕ್ಕೆ ಕೆಲವು ಪದ ಬೇಕು.

ಈಗ ಬರುವ ಸಂದೇಶ ಹೀಗಿರುತ್ತದೆ: "ಭರಮಸಾಗರ ದಾಟಿದ ಮೇಲೆ ಸಿಕ್ಕಾಪಟ್ಟೆ ಮಂಜು ಐತಿ, ನೋಡ್ಕೊಂಡ್ ಬರ್ರಿ." ಒಳ್ಳೆಯ ಮಾತೇ. ಆದರೆ ಒಬ್ಬರ ಸಿಕ್ಕಾಪಟ್ಟೆ ಇನ್ನೊಬ್ಬರಿಗೆ ಮಾಮೂಲಿ. ಎಷ್ಟು ದೂರ ಕಾಣುತ್ತದೆ ಅನ್ನೋದು ಅದರಲ್ಲಿಲ್ಲ.

ಹವಾಮಾನ ಇಲಾಖೆ ಮಂಜನ್ನು ಕಾಣುವ ದೂರದಿಂದಲೇ ಅಳೆಯುತ್ತದೆ. ಸಾವಿರ ಮೀಟರಿಗಿಂತ ಕಡಿಮೆ ಕಂಡರೆ ಮಂಜು. 500ರ ಒಳಗೆ ಮಧ್ಯಮ, 200ರ ಒಳಗೆ ದಟ್ಟ, 50ರ ಒಳಗೆ ಅತಿ ದಟ್ಟ. ಸುದ್ದಿಯಾಗುವ ಹೊತ್ತಿಗೆ ಸಂಖ್ಯೆ ಉದುರಿಹೋಗಿ 'ದಟ್ಟ ಮಂಜು, ಗೋಚರತೆ ಕಡಿಮೆ' ಅಷ್ಟೇ ಉಳಿಯುತ್ತದೆ. ಸ್ಟೀರಿಂಗ್ ಹಿಡಿದವರ ಬಾಯಲ್ಲಿ 'ಗೋಚರತೆ' ನಾನಂತೂ ಕೇಳಿಲ್ಲ. ಅದರ ಬದಲು 'ಕಣ್ಣಳತೆ' ಹೇಗೆ? "ಆನಗೋಡು ಹತ್ತಿರ ಕಣ್ಣಳತೆ 50 ಮೀಟರ್." ಗಂಟೆಗೆ 80 ಕಿಲೋಮೀಟರ್ ಹೋಗುವ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಆ 50 ಮೀಟರ್ ಎರಡು ಸೆಕೆಂಡ್ ಚಿಲ್ಲರೆಯಲ್ಲಿ ಮುಗೀತು. ಸಂಖ್ಯೆ ಕೇಳಿದರೆ ಕಾಲು ತಾನಾಗೇ ಬ್ರೇಕಿನ ಕಡೆ ಹೋಗುತ್ತದೆ.

ಅಂದಾಜು ಮಾಡೋದು ಹೇಗೆ ಅಂದರೆ, ಕಿಲೋಮೀಟರ್ ಕಲ್ಲುಗಳ ನಡುವೆ 2, 4, 6, 8 ಅಂತ ಬರೆದ ಸಣ್ಣ ಕಲ್ಲುಗಳು ಇರುತ್ತವಲ್ಲ, 200 ಮೀಟರಿಗೊಂದು? ಒಂದರ ಪಕ್ಕ ನಿಂತು ಮುಂದಿನದು ಕಾಣದಿದ್ದರೆ ದಟ್ಟ. ಗುಂಪಿನಲ್ಲೊಬ್ಬರು ಇದಕ್ಕೆ 'ಕಲ್ಲು ಕಾಣದ ಮಂಜು' ಅಂದರು. ನನಗೆ ಬಹಳ ಹಿಡಿಸಿತು. ಎಷ್ಟೋ ಕಡೆ ಹುಲ್ಲು ಬೆಳೆದು ಬಿಸಿಲಲ್ಲೂ ಕಲ್ಲು ಕಾಣಲ್ಲ, ಆ ಮಾತು ಬೇರೆ.

ಇನ್ನೊಂದು ತೊಡಕಿದೆ. ಮೋಡ, ಗಾಳಿ ಎರಡೂ ಇಲ್ಲದ ರಾತ್ರಿ ಗದ್ದೆ ಬಯಲು ತಣ್ಣಗಾಗಿ ತಗ್ಗಿನಲ್ಲಿ ಮಂಜು ಕೂರುತ್ತದೆ. ಏರು ಹತ್ತಿದರೆ ಎಲ್ಲ ನಿಚ್ಚಳ. ಮತ್ತೆ ಇಳಿದರೆ ಬಿಳಿ ಗೋಡೆ. ಅಪಾಯ ಇದರಲ್ಲೇ ಜಾಸ್ತಿ. ರಸ್ತೆ ತಿಳಿಯಾಯಿತು ಅಂತ ವೇಗ ಹೆಚ್ಚಿಸಿರುತ್ತಾರೆ. 'ಅಲ್ಲಲ್ಲಿ ಮಂಜು' ಅಂದರೆ ಸುಮ್ನೆ ತೆಳುವಾಗಿದೆ ಅಂತ ಕೇಳಿಸುತ್ತದೆ. 'ತಗ್ಗು ಮಂಜು' ಸರಿಯಾ? ನಿಘಂಟಿನಲ್ಲಿ ಮಂಜಿಗೆ ಇರುವ 'ಕಾವಳ' ಚೆಂದದ ಪದ, ಆದರೆ ನಮ್ಮ ಡ್ರೈವರುಗಳಿಗೆ ಬಿಡಿಸಿ ಹೇಳಬೇಕಾಗುತ್ತದೆ.

ಹೊರದೇಶಕ್ಕೆ ಹೋಗುವ ಹುಡುಗರಿಗೂ ಒಂದು ಪುಟ ಬರೆಯುವುದಿದೆ. ಅಲ್ಲಿ 'ರಸ್ತೆಯ ಮೇಲೆ ಮಂಜು' ಅಂದರೆ ಕಣ್ಣಿಗೆ ಅಡ್ಡವಾದದ್ದೋ ಚಕ್ರದ ಕೆಳಗಿನದೋ ಗೊತ್ತಾಗಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ 511 ಅನ್ನೋ ರಸ್ತೆ ಮಾಹಿತಿ ಸೇವೆ ಎಷ್ಟು ಹಿಮ ಬಿತ್ತು ಅನ್ನೋದಕ್ಕಿಂತ ರಸ್ತೆ ಹೇಗಿದೆ ಅಂತ ಹೇಳುತ್ತದೆ: ಅರೆ ಮುಚ್ಚಿದೆ, ಪೂರ್ತಿ ಮುಚ್ಚಿದೆ, ಪ್ರಯಾಣ ಬೇಡ. ನಮಗೂ ಈ ಕ್ರಮವೇ ಬೇಕು. ಡಾಂಬರಿನ ಮೇಲೆ ತೆಳ್ಳಗೆ ಕೂತ ಮಂಜುಗಡ್ಡೆಗೆ ಇಂಗ್ಲಿಷಿನ 'ಬ್ಲ್ಯಾಕ್ ಐಸ್' ನೋಡಿ 'ಕರಿ ಮಂಜುಗಡ್ಡೆ' ಅನ್ನೋದು ನನಗೆ ಒಪ್ಪಿಗೆಯಿಲ್ಲ. ಅದು ಗಾಜಿನ ಹಾಗೆ ತಿಳಿ, ಕೆಳಗಿನ ರಸ್ತೆ ಕಪ್ಪಗೆ ಕಾಣುತ್ತದೆ ಅಷ್ಟೇ. ಸೇತುವೆ ಮೇಲೆ ಮೊದಲು ಕಟ್ಟುತ್ತದೆ, ಮೇಲೂ ಕೆಳಗೂ ತಣ್ಣನೆ ಗಾಳಿ ಆಡುತ್ತದಲ್ಲ. 'ಕಾಣದ ಜಾರು' ಅಂತ ಬರೆದಿಟ್ಟಿದ್ದೇನೆ.

ಕೊನೆಗೆ ನಮ್ಮದೇ ಚಳಿಗಾಲದ ಕಥೆ: ಒಕ್ಕಣೆ. ಚಿತ್ರದುರ್ಗದ ಹಳ್ಳಿ ರಸ್ತೆಗಳಲ್ಲಿ ಗಾಡಿ ಹರಿದು ಕಾಳು ಬಿಡಲಿ ಅಂತ ರಾಗಿ, ಹುರುಳಿ ಹರವಿರುತ್ತಾರೆ. ಬೈಕ್ ಜಾರುತ್ತದೆ. ಹುರುಳಿ ಹೊಟ್ಟು ಕಾರಿನ ಅಡಿಗೆ ಸುತ್ತಿಕೊಂಡರೆ ಬೆಂಕಿಯೂ ಹತ್ತಬಹುದು. ಸರ್ವಿಸ್ ರಸ್ತೆಯಲ್ಲಿ ಮೆಕ್ಕೆಜೋಳ ಒಣಗುತ್ತಿರುತ್ತದೆ. "ರೋಡಲ್ಲಿ ಕಣ ಮಾಡ್ಯಾರೆ" ಅನ್ನೋದು ಜನರ ಮಾತು. ಸಂದೇಶಕ್ಕೆ 'ಮುಂದೆ ಕಣ' ಅಂದರೆ ಸಾಕಾ, ಪೇಟೆಯವರಿಗೆ ತಿಳಿಯುತ್ತಾ?

ಹಾಸನ, ಕೊಡಗು, ಚಾರ್ಮಾಡಿ ಕಡೆಯವರು ಮಂಜಿನಲ್ಲೇ ಗಾಡಿ ಓಡಿಸುವವರು. ನಿಮ್ಮಲ್ಲಿ ತಗ್ಗಿನ ಮಂಜಿಗೆ ಏನಂತೀರಿ? ಹೊಸದಾಗಿ ಕಟ್ಟಿದ ಪದಕ್ಕಿಂತ ಕಿವಿಯಾರೆ ಕೇಳಿದ್ದು ಬೇಕು. ಪದದ ಜೊತೆ ಊರಿನ ಹೆಸರೂ ಬರೆಯಿರಿ.