ಪೆನ್‌ಡ್ರೈವ್ ಅನ್ನು ಎರಡು ಭಾಗ ಮಾಡಿದರೆ ಕಡತಗಳು ಸುರಕ್ಷಿತವೇ?

ಪ್ರಶ್ನೆ:
ಸರ್, ನಮಸ್ಕಾರ. ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ನನ್ನ ಬಳಿ 32 ಜಿಬಿಯ ಒಂದು ಪೆನ್‌ಡ್ರೈವ್ ಇದ್ದು, ಪ್ರಶ್ನೆಪತ್ರಿಕೆ, ಅಂಕಪಟ್ಟಿಗಳ ಜೊತೆಗೆ ಮನೆಯ ಕಾಗದಪತ್ರಗಳ ಸ್ಕ್ಯಾನ್ ಪ್ರತಿಗಳೂ ಅದರಲ್ಲೇ ಇವೆ. ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟಾಗ ಇವೆಲ್ಲವೂ ಅವರ ಪರದೆಯ ಮೇಲೆ ತೆರೆದುಕೊಳ್ಳುತ್ತವೆ. ಕಳೆದ ತಿಂಗಳು ಅಲ್ಲಿಂದ ಮನೆಗೆ ಬಂದು ನೋಡಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್‌ಗಳಾಗಿದ್ದವು. ಅಂಗಡಿಗೆ ಒಂದು ಭಾಗ, ನನಗೊಂದು ಭಾಗ ಎಂದು ಪಾರ್ಟಿಷನ್ ಮಾಡಬಹುದೇ? ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಹೋಮ್ ಇದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಪ್ರಯತ್ನಿಸಿದೆ, ಆದರೆ 'ಶ್ರಿಂಕ್ ವಾಲ್ಯೂಮ್' ಎಂಬ ಆಯ್ಕೆ ಮಸುಕಾಗಿದ್ದು ಒತ್ತಲು ಬರುತ್ತಿಲ್ಲ.

ಉತ್ತರ:
ನಮಸ್ಕಾರ ಮೇಡಂ. ಖಂಡಿತ ಮಾಡಬಹುದು. ವಿಂಡೋಸ್ 10ರ 2017ರ 1703 ಆವೃತ್ತಿಯಿಂದೀಚೆಗೆ ಪೆನ್‌ಡ್ರೈವ್‌ನಲ್ಲಿ ಒಂದಕ್ಕಿಂತ ಹೆಚ್ಚು ಪಾರ್ಟಿಷನ್ ಮಾಡಲು ಬೇರೆ ತಂತ್ರಾಂಶ ಬೇಕಿಲ್ಲ. ಶ್ರಿಂಕ್, ಅಂದರೆ ಇರುವ ಭಾಗವನ್ನು ಕುಗ್ಗಿಸುವ ಆಯ್ಕೆ, ಎನ್‌ಟಿಎಫ್‌ಎಸ್ ಮಾದರಿಯ ಫಾರ್ಮ್ಯಾಟ್‌ಗೆ ಮಾತ್ರ ಲಭ್ಯ. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್ 32 ಅಥವಾ ಎಕ್ಸ್‌ಫ್ಯಾಟ್ ಆಗಿ ಬರುವುದರಿಂದ ನಿಮಗೆ ಅದು ಮಸುಕಾಗಿ ಕಾಣುತ್ತಿದೆ. ಆದ್ದರಿಂದ ಇರುವುದನ್ನು ಅಳಿಸಿ ಹೊಸದಾಗಿ ಭಾಗ ಮಾಡಬೇಕಾಗುತ್ತದೆ.

ಮೊದಲು ಎಲ್ಲ ಕಡತಗಳನ್ನೂ ಲ್ಯಾಪ್‌ಟಾಪ್‌ಗೆ ನಕಲು ಮಾಡಿಕೊಳ್ಳಿ, ಮತ್ತು ನಾಲ್ಕಾರು ಕಡತಗಳನ್ನು ಅಲ್ಲಿಂದಲೇ ತೆರೆದು ಸರಿಯಾಗಿವೆಯೇ ಎಂದು ನೋಡಿಕೊಳ್ಳಿ. ನಂತರ ಪೆನ್‌ಡ್ರೈವ್ ಒಂದನ್ನುಳಿದು ಯುಎಸ್‌ಬಿಗೆ ಚುಚ್ಚಿರುವ ಬೇರೆಲ್ಲ ಡಿಸ್ಕ್‌ಗಳನ್ನೂ ತೆಗೆದುಬಿಡಿ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಛಾಯಾಗ್ರಾಹಕರೊಬ್ಬರು ಡಿಸ್ಕ್ ಭಾಗ ಮಾಡಲು ಬಳಸುವ 'ಡಿಸ್ಕ್‌ಪಾರ್ಟ್' ಆದೇಶದಲ್ಲಿ ಪೆನ್‌ಡ್ರೈವ್ ಎಂದು ಭಾವಿಸಿ ಪಕ್ಕದಲ್ಲಿದ್ದ ಹಾರ್ಡ್‌ಡಿಸ್ಕ್‌ನ ಸಂಖ್ಯೆ ಕೊಟ್ಟು 'ಕ್ಲೀನ್' ಒತ್ತಿ, ಮದುವೆಗಳ ಫೋಟೊಗಳಿದ್ದ ಡಿಸ್ಕ್ ಹಿಡಿದು ನನ್ನ ಅಂಗಡಿಗೆ ಓಡಿ ಬಂದಿದ್ದರು. ಕ್ಲೀನ್ ಆದೇಶ ಪಾರ್ಟಿಷನ್ ಪಟ್ಟಿಯನ್ನು ಅಳಿಸುತ್ತದೆಯೇ ಹೊರತು ಇಡೀ ಡಿಸ್ಕನ್ನಲ್ಲ. ಅವರು ಅದರ ಮೇಲೆ ಬೇರೇನನ್ನೂ ಬರೆದಿರಲಿಲ್ಲವಾದ್ದರಿಂದ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಿಂದ ಹಳೆಯ ಪಾರ್ಟಿಷನ್ ಹುಡುಕಿ ಕೊಡಲು ಸಾಧ್ಯವಾಯಿತು.

ಈಗ ವಿಂಡೋಸ್ ಕೀ ಜೊತೆಗೆ ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗಿನ ಅರ್ಧದಲ್ಲಿ ಪ್ರತಿ ಡಿಸ್ಕ್‌ಗೂ ಒಂದೊಂದು ಸಾಲು ಕಾಣುತ್ತದೆ. ನಿಮ್ಮದು 'ರಿಮೂವಬಲ್' ಎಂದಿದ್ದು, ಸುಮಾರು 29 ಜಿಬಿ ತೋರಿಸುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಬಂದ ವ್ಯತ್ಯಾಸವಿದು, ಮೋಸವಲ್ಲ. ಆ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ 'ಡಿಲೀಟ್ ವಾಲ್ಯೂಮ್' ಕೊಟ್ಟರೆ, ನೆತ್ತಿಯ ನೀಲಿ ಪಟ್ಟಿ ಕಪ್ಪಾಗಿ 'ಅನ್‌ಅಲೊಕೇಟೆಡ್' ಎಂಬ ಪದ ಬರುತ್ತದೆ. ಅದರ ಮೇಲೆ ಬಲ ಕ್ಲಿಕ್ ಮಾಡಿ 'ನ್ಯೂ ಸಿಂಪಲ್ ವಾಲ್ಯೂಮ್' ಆರಿಸಿ, ಗಾತ್ರಕ್ಕೆ 8192 ಎಂದು, ಅಂದರೆ 8 ಜಿಬಿ ಎಂದು ನಮೂದಿಸಿ, ಫ್ಯಾಟ್ 32ರಲ್ಲಿ ಫಾರ್ಮ್ಯಾಟ್ ಮಾಡಿ, 'ಪ್ರಿಂಟ್' ಎಂದು ಹೆಸರಿಡಿ. ಉಳಿದ ಕಪ್ಪು ಪಟ್ಟಿಗೂ ಹೀಗೆಯೇ ಮಾಡಿ, ಆದರೆ ಅಲ್ಲಿ ಎನ್‌ಟಿಎಫ್‌ಎಸ್ ಆರಿಸಿ.

ಈ ಅನುಕ್ರಮವನ್ನು ಅದಲುಬದಲು ಮಾಡಬೇಡಿ. ವಿಂಡೋಸ್ 7ರಂತಹ ಹಳೆಯ ವ್ಯವಸ್ಥೆಗಳು ಪೆನ್‌ಡ್ರೈವ್‌ನ ಮೊದಲ ಪಾರ್ಟಿಷನ್ ಒಂದನ್ನೇ ತೋರಿಸುತ್ತವೆ, ಹಲವು ಟಿವಿ ಮತ್ತು ಕಾರ್ ಸ್ಟೀರಿಯೊಗಳೂ ಹಾಗೆಯೇ. ಹೊರಗೆ ಕೊಡುವ ಭಾಗವೇ ಮೊದಲನೆಯದಾಗಿರಲಿ, ಅದು ಎಲ್ಲೆಡೆ ಓದಬಲ್ಲ ಫ್ಯಾಟ್ 32 ಆಗಿರಲಿ. ಇದರಲ್ಲಿ 4 ಜಿಬಿ ಅಥವಾ ಅದಕ್ಕೂ ದೊಡ್ಡದಾದ ಒಂದೇ ಕಡತ ಹಿಡಿಯುವುದಿಲ್ಲ, ಪ್ರಶ್ನೆಪತ್ರಿಕೆಗೆ ಅದೇನೂ ತೊಡಕಲ್ಲ. ಅಂದಹಾಗೆ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತವನ್ನು ಹಾಗೆಯೇ ಕೊಡದೆ ಪಿಡಿಎಫ್ ಮಾಡಿ ಕೊಡಿ. ಅಂಗಡಿಯಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ.

ಪ್ರಶ್ನೆ:
ತುಂಬಾ ಉಪಕಾರವಾಯಿತು ಸರ್, ಎರಡೂ ಭಾಗಗಳು ಸಿದ್ಧವಾದವು. ಅಂಗಡಿಯ ಹಳೆಯ ವಿಂಡೋಸ್ 7 ಕಂಪ್ಯೂಟರ್‌ನಲ್ಲಿ ನೀವು ಹೇಳಿದಂತೆಯೇ 'ಪ್ರಿಂಟ್' ಒಂದೇ ಕಾಣಿಸಿತು. ಹಾಗಾದರೆ ನನ್ನ ಭಾಗಕ್ಕೆ ವೈರಸ್ ತಗಲುವ ಭಯವಿಲ್ಲ ಎಂದುಕೊಳ್ಳಬಹುದೇ?

ಉತ್ತರ:
ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ ಮೇಡಂ. ಕಾಣದಿರುವುದು ಬೇರೆ, ಬೀಗ ಹಾಕಿರುವುದು ಬೇರೆ. ಅದೇ ಅಂಗಡಿಯವರು ನಾಳೆ ವಿಂಡೋಸ್ 10 ಹಾಕಿಸಿದರೆ, ಅಥವಾ ನೀವು ವಿಂಡೋಸ್ ಬದಲು ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆ ಇರುವ ಕಂಪ್ಯೂಟರ್‌ಗೆ ಪೆನ್‌ಡ್ರೈವ್ ಚುಚ್ಚಿದರೆ, ಎರಡೂ ಭಾಗಗಳು ತೆರೆದುಕೊಳ್ಳುತ್ತವೆ. ಪ್ರತಿ ಭಾಗಕ್ಕೂ ಒಂದು ಡ್ರೈವ್ ಅಕ್ಷರ ಸಿಕ್ಕ ಮೇಲೆ ನಿಮ್ಮ ಫೋಲ್ಡರ್‌ಗಳನ್ನು ಶಾರ್ಟ್‌ಕಟ್ ಮಾಡಿದಂತಹ ವೈರಸ್‌ಗೆ ನಿಮ್ಮದು, ಅಂಗಡಿಯದು ಎಂಬ ಭೇದವಿಲ್ಲ.

ಬೀಗ ಹಾಕುವ ಕೆಲಸ ಎನ್‌ಕ್ರಿಪ್ಷನ್‌ನದು, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಹಿತಿಯನ್ನು ಸಂಕೇತವಾಗಿಸುವುದು. ವಿಂಡೋಸ್‌ನದೇ ಆದ ಬಿಟ್‌ಲಾಕರ್‌ನಿಂದ ಪೆನ್‌ಡ್ರೈವ್‌ಗೆ ಹೊಸದಾಗಿ ಬೀಗ ಹಾಕಲು ವಿಂಡೋಸ್ ಪ್ರೊ ಬೇಕು, ಹೋಮ್ ಆವೃತ್ತಿಯಲ್ಲಿ ಹಾಗೆ ಬೀಗ ಹಾಕಿದ್ದನ್ನು ತೆರೆಯಬಹುದಷ್ಟೆ. ಆದ್ದರಿಂದ ನೀವು ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶವನ್ನು ಲ್ಯಾಪ್‌ಟಾಪ್‌ಗೆ ಹಾಕಿಕೊಂಡು, ಎರಡನೆಯ ಭಾಗದೊಳಗೆ ಸುಮಾರು 15 ಜಿಬಿಯ ಒಂದು ಕಂಟೇನರ್ ಕಡತವನ್ನು, ಅಂದರೆ ಪಾಸ್‌ವರ್ಡ್‌ನಿಂದ ತೆರೆಯುವ ಪೆಟ್ಟಿಗೆಯಂತಹ ಕಡತವನ್ನು, ಮಾಡಿ, ಖಾಸಗಿಯಾದದ್ದನ್ನೆಲ್ಲ ಅದರೊಳಗೆ ಇಡಿ. ಇಡೀ ಪಾರ್ಟಿಷನ್ನಿಗೇ ವೆರಾಕ್ರಿಪ್ಟ್ ಹಾಕುವುದೂ ಸಾಧ್ಯವಿದೆ, ಆದರೆ ನಾನು ಸಲಹೆ ಕೊಡುವುದಿಲ್ಲ. ವಿಂಡೋಸ್‌ಗೆ ಅಂತಹ ಪಾರ್ಟಿಷನ್ ಅರ್ಥವಾಗದೆ, 'ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು' ಎಂಬ ಚೌಕವನ್ನು ತೆರೆಯುತ್ತದೆ. ಅವಸರದಲ್ಲಿರುವ ಅಂಗಡಿಯ ಹುಡುಗ ಹೂಂ ಎಂದು ಒತ್ತಿದರೆ ನಿಮ್ಮ ಕಡತಗಳ ಕಥೆ ಮುಗಿಯಿತು. ಕಂಟೇನರ್ ಅನ್ನು ಮನೆಯ ಲ್ಯಾಪ್‌ಟಾಪ್‌ನಲ್ಲಿ ಬಿಟ್ಟು ಬೇರೆಲ್ಲಿಯೂ ತೆರೆಯಬೇಡಿ. ವೈರಸ್ ಆ ಕಡತವನ್ನು ಅಳಿಸಬಲ್ಲದು ನಿಜ, ಆದರೆ ಒಳಗಿರುವುದನ್ನು ಓದಲಾರದು.

ಪ್ರಶ್ನೆ (ಮತ್ತೊಬ್ಬರಿಂದ):
ಸರ್, ಒಂದು ಭಾಗ ಕೆಟ್ಟರೂ ಇನ್ನೊಂದು ಉಳಿಯುತ್ತದೆ ಎಂದು ನಾನು ಒಂದೇ ಕಡತದ ಪ್ರತಿಗಳನ್ನು ಎರಡೂ ಭಾಗಗಳಲ್ಲಿ ಇಡುತ್ತಿದ್ದೇನೆ. ಇದು ಸರಿಯೇ? ಉಬುಂಟು ಇನ್‌ಸ್ಟಾಲ್ ಮಾಡುವ ವ್ಯವಸ್ಥೆಯನ್ನೂ ಅದರಲ್ಲೇ ಇಡಬಹುದೇ?

ಉತ್ತರ:
ಪ್ರತಿ ಇಡುವ ಅಭ್ಯಾಸ ಒಳ್ಳೆಯದು, ಇಟ್ಟ ಜಾಗ ಮಾತ್ರ ತಪ್ಪು. ಪೆನ್‌ಡ್ರೈವ್ ಬಿಚ್ಚಿದರೆ ಒಳಗೆ ಹೆಬ್ಬೆರಳಿನಗಲದ ಹಲಗೆಯ ಮೇಲೆ ಒಂದು ಕಂಟ್ರೋಲರ್ ಚಿಪ್ಪು, ಒಂದೋ ಎರಡೋ ಮೆಮೊರಿ ಚಿಪ್ಪು ಕಾಣುತ್ತವೆ. ಪಾರ್ಟಿಷನ್ ಎಂಬುದು ಆ ಚಿಪ್ಪಿನ ಮೇಲೆ ಎಳೆದ ಗೋಡೆಯಲ್ಲ, ವಿಳಾಸಗಳ ಒಂದು ಪಟ್ಟಿ. ಎಂಬಿಆರ್ ಎಂಬ ಪಾರ್ಟಿಷನ್ ಪದ್ಧತಿಯಲ್ಲಿ ಡಿಸ್ಕ್‌ನ ಮೊದಲ 512 ಬೈಟ್‌ಗಳ ಪೈಕಿ ಕೇವಲ 64 ಬೈಟ್‌ಗಳಲ್ಲಿ ಈ ಪಟ್ಟಿ ಇರುತ್ತದೆ, ಒಂದೊಂದಕ್ಕೆ 16 ಬೈಟ್‌ನಂತೆ ನಾಲ್ಕೇ ಪ್ರೈಮರಿ ಪಾರ್ಟಿಷನ್‌ಗಳಿಗೆ ಜಾಗ. ಕಂಟ್ರೋಲರ್ ತನ್ನ ಅನುಕೂಲದಂತೆ ಎರಡೂ ಭಾಗಗಳ ಮಾಹಿತಿಯನ್ನು ಚಿಪ್ಪಿನಲ್ಲಿ ಹರಡಿ ಬರೆಯುತ್ತದೆ. ಅದು ಸುಟ್ಟ ದಿನ, ಅಥವಾ ಪೆನ್‌ಡ್ರೈವ್ ಬಸ್ಸಿನಲ್ಲಿ ಬಿದ್ದುಹೋದ ದಿನ, ಎರಡೂ ಪ್ರತಿಗಳು ಒಟ್ಟಿಗೇ ಹೋಗುತ್ತವೆ. ಎರಡನೆಯ ಪ್ರತಿ ಮನೆಯಲ್ಲಿರುವ ಬೇರೊಂದು ಡಿಸ್ಕ್‌ನಲ್ಲಿರಲಿ.

ಉಬುಂಟು ವಿಚಾರದಲ್ಲಿ, ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಸಿದ್ಧಪಡಿಸುವ ರೂಫಸ್ ತಂತ್ರಾಂಶ ಬಳಸಿದರೆ ಅದು ಇಡೀ ಪೆನ್‌ಡ್ರೈವನ್ನು ಅಳಿಸಿ ಬರೆಯುತ್ತದೆ, ನಿಮ್ಮ ಭಾಗಗಳು ಉಳಿಯುವುದಿಲ್ಲ. ಅಂತಹದೇ ಇನ್ನೊಂದು ತಂತ್ರಾಂಶ ವೆಂಟಾಯ್ ಕೂಡ ಮೊದಲ ಸಲ ಹಾಕುವಾಗ ಎಲ್ಲವನ್ನೂ ಅಳಿಸುತ್ತದೆ, ಆದರೆ ಕೊನೆಯಲ್ಲಿ ಇಷ್ಟು ಜಾಗ ಖಾಲಿ ಬಿಡು ಎಂದು ಸೂಚಿಸುವ ಆಯ್ಕೆ ಅದರಲ್ಲಿದೆ. ಹಾಗೆ ಬಿಟ್ಟ ಜಾಗದಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಮೂಲಕ ನಿಮ್ಮ ಪಾರ್ಟಿಷನ್ ಮಾಡಿಕೊಳ್ಳಬಹುದು. ವೆಂಟಾಯ್ ತನಗಾಗಿ ಮಾಡಿಕೊಂಡಿರುವ 32 ಎಂಬಿಯ ಸಣ್ಣ ಭಾಗವೊಂದು ಅಲ್ಲಿ ಕಾಣುತ್ತದೆ, ಅದನ್ನು ಅಳಿಸಬೇಡಿ.